ಮಲ್ಲಿಗೆ ಕಟ್ಟಲಾರದ ಬೆರಳುಗಳು

ಇನ್ನಂಜೆಯ ನಮ್ಮ ಮನೆಯಲ್ಲಿ ಮಲ್ಲಿಗೆ ಕಟ್ಟುವುದೆಂದರೆ ಗಡಿಯಾರದ ಜೊತೆ ಜಗಳ. ಹೂವು ಮಾರುವ ಕಟ್ಟೆಗೆ ಹೋಗುವ ರಿಕ್ಷಾ ಬರುವುದರೊಳಗೆ ಮೊಗ್ಗೆಲ್ಲ ಬಾಳೆನಾರಿಗೆ ಏರಿರಬೇಕು. ಕಟ್ಟುವುದರಲ್ಲಿ ನನಗೆ ಸಮ ಯಾರೂ ಇಲ್ಲ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದು ನನ್ನ ಬೆರಳುಗಳೇ. ಬರಬರುತ್ತ ಅವು ಪೂರ್ತಿ ಮಡಚದಾದವು, ನೆಟ್ಟಗೂ ಆಗದಾದವು. ನೋವೇನೂ ಇರಲಿಲ್ಲ. ವಾಯು ಎಂದು ನಾನೇ ತೀರ್ಮಾನಿಸಿ ಎಣ್ಣೆ ತಿಕ್ಕಿಕೊಂಡೆ. ಹೂವು ಸಡಿಲ ಎಂದು ಕಟ್ಟೆಯವರು ಹೇಳಿ ಕಳುಹಿಸಿದಾಗ ಬಾಳೆನಾರನ್ನು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸನ್ನು ನಾವೆಲ್ಲ ಬಾಯಮ್ಮ ಎನ್ನುತ್ತೇವೆ. ಒಂದು ಸಂಜೆ ಅವರು ಬಂದಾಗ ನಾನು ದೇವರ ದೀಪಕ್ಕೆ ಕೈ ಮುಗಿಯುತ್ತಿದ್ದೆ. ಅವರು ನನ್ನ ಕೈಯನ್ನೇ ದಿಟ್ಟಿಸಿದರು. ಅಂಗೈಗಳು ಒಂದಕ್ಕೊಂದು ತಾಗಿರಲಿಲ್ಲ, ಬೆರಳುಗಳು ಬಾಗಿ ನಿಂತಿದ್ದವು.

"ಇದು ಒಳ್ಳೆಯದಲ್ಲ ಮಾರಾಯ್ತಿ. ನಾಳೆ ನನ್ನ ಜೊತೆ ಮಣಿಪಾಲದ ಆಸ್ಪತ್ರೆಗೆ ಬಾ" ಎಂದರು. ಹೂವು ಯಾರು ಕಟ್ಟುವುದು ಎಂದು ರೇಗಿದೆ. ಅವರು ಬಿಡಲಿಲ್ಲ.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಶುರುವಾಗಿ ವರ್ಷಗಳೇ ಆಗಿರಬೇಕು ಎಂದರು. ಚರ್ಮವನ್ನೂ ಕೀಲುಗಳನ್ನೂ ಹಿಡಿದಿಡುವ ಕೊಲಾಜನ್ ಎಂಬ ನಾರು ಮೈಯೆಲ್ಲ ಇದೆಯಂತೆ. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಅದಕ್ಕೆ ಅಂಟಿಕೊಂಡು, ಎಳೆಗೆ ಎಳೆಯನ್ನು ಬೆಸೆದು ಪೆಡಸು ಮಾಡುತ್ತದಂತೆ. ಬಾಳೆನಾರು ಒಣಗಿದರೆ ನೀರು ಚಿಮುಕಿಸಿ ಮೆದು ಮಾಡುತ್ತೇವೆ, ಇದಕ್ಕೆ ಅಂಥ ಉಪಾಯ ಇಲ್ಲವೇ ಎಂದು ಕೇಳಿದೆ. ಬೆಸೆದುಕೊಂಡದ್ದು ಬಿಡುವುದು ಕಷ್ಟ, ಸಕ್ಕರೆ ಹತೋಟಿಯಲ್ಲಿಟ್ಟು ವ್ಯಾಯಾಮ ಮಾಡಿದರೆ ಹೆಚ್ಚಾಗದಂತೆ ತಡೆಯಬಹುದು ಎಂದರು. ಬೆರಳು ಹೀಗಾದವರಿಗೆ ಸಕ್ಕರೆ ಕಣ್ಣನ್ನೂ ಕೆಡಿಸಿರಬಹುದು ಎಂದು ಕಣ್ಣನ್ನೂ ಪರೀಕ್ಷೆ ಮಾಡಿಸಿದರು. ಅಲ್ಲೂ ತೊಂದರೆ ಶುರುವಾಗಿತ್ತು. ಆದರೆ ಉಳಿಸಿಕೊಳ್ಳಬಹುದು, ಸಕಾಲಕ್ಕೆ ಬಂದಿದ್ದೀರಿ ಎಂದರು.

ಹಿಂದಿರುಗುವ ಬಸ್ಸಿನಲ್ಲಿ ನಾನು ಕಣ್ಣಿನ ಮಾತೇ ಎತ್ತದೆ ಬೆರಳಿಗಾಗಿ ಅತ್ತೆ. ಬಾಯಮ್ಮ ಕಿಟಕಿಯಾಚೆ ನೋಡುತ್ತ ಹೇಳಿದರು:

"ನಮ್ಮ ಯಜಮಾನರ ಕೈಯೂ ಹೀಗೇ ಇತ್ತು. ಇಗರ್ಜಿಯಲ್ಲಿ ಪ್ರಾರ್ಥನೆಗೆ ಕೈ ಜೋಡಿಸುವಾಗ ಪಕ್ಕದಲ್ಲೇ ಕೂತು ನೋಡಿದ್ದೇನೆ. ಎಂತ ಅಂತ ಗೊತ್ತಾದದ್ದು ಅವರ ಕಣ್ಣು ಹೋದ ಮೇಲೆ."

ನನ್ನ ಅಳು ಅಲ್ಲಿಗೇ ನಿಂತಿತು.

ಈಗ ಮೊಗ್ಗು ಕೊಯ್ಯುವುದು ನಾನು, ಕಟ್ಟುವುದು ಅವರು. ಅವರ ಕಟ್ಟು ನನ್ನದರಷ್ಟು ಒತ್ತಾಗಿಲ್ಲ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ, ಅವರು ನಗುತ್ತಾರೆ. ಬೆಳಗಿನ ಮಬ್ಬಿನಲ್ಲೂ ಎಲೆಗಳ ನಡುವಿನ ಬಿಳಿ ಮೊಗ್ಗುಗಳು ನನಗೆ ಒಂದೊಂದಾಗಿ ಕಾಣುತ್ತವೆ. ಆಗ ದೇವರಿಗಿಂತ ಮೊದಲು ನಾನು ಬಾಯಮ್ಮನನ್ನು ನೆನೆಯುತ್ತೇನೆ.