ಹತ್ತೊಂಬತ್ತನೆಯ ಪೈಸೆ

"ಇಷ್ಟು ಚಿಕ್ಕ ಮಕ್ಕಳಿಗೆ ದುಡ್ಡಿನ ವಿಷಯ ಯಾಕ್ರೀ?" ಎಂದು ಇವತ್ತಿಗೂ ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈ ಉರಿಯುತ್ತದೆ. ಹೇಳುವವರು ಯಾವಾಗಲೂ ಒಳ್ಳೆಯವರೇ. ದುಡ್ಡು ಕೊಳಕು, ಮಕ್ಕಳ ಮನಸ್ಸು ನಿರ್ಮಲ, ಎರಡನ್ನೂ ಬೆರೆಸಬಾರದು ಎನ್ನುವವರು. ಆದರೆ ಅದೇ ಮಕ್ಕಳ ಅಂಗೈಗೆ ನಾಣ್ಯ ತುರುಕಿ "ಓಡ್ಹೋಗಿ ಕೊತ್ತಂಬರಿ ಸೊಪ್ಪು ತಗೊಂಡ್ಬಾ" ಎಂದು ಅಂಗಡಿಗೆ ಅಟ್ಟುವವರೂ ಅವರೇ. ಚಿಲ್ಲರೆ ಕಡಿಮೆ ಬಂದರೆ ಆ ನಿರ್ಮಲ ಮನಸ್ಸಿನ ಮಗುವಿನ ಕಿವಿ ಹಿಂಡುವವರೂ ಅವರೇ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಒಂದೇ ಒಂದು ಪೈಸೆಯ ವಿಷಯದಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಕಳ್ಳಿ ಎಂಬ ಹೆಸರು ಬಂತು. ಆ ಹೆಸರು ಬರುವುದರಲ್ಲಿ ನನ್ನ ಪಾಲೂ ಇತ್ತು.

ನನಗೆ ದುಡ್ಡು ಎಣಿಸಲು ಕಲಿಸಿದವರು ನನ್ನ ತಂದೆ. ಅದೂ ಮೋಸ ಮಾಡಿ ಕಲಿಸಿದರು. ಯುದ್ಧದ ಕಾಲ, ನನಗೆ ಹತ್ತು ವರ್ಷ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು. ಭಾನುವಾರ ಬೆಳಿಗ್ಗೆ ಬಸವನಗುಡಿಯ ನಮ್ಮ ಮನೆಯ ಜಗಲಿಯ ಮೇಲೆ ಅವರು ಅಂಗಡಿಯವರಾಗಿ ಕೂರುತ್ತಿದ್ದರು, ನಾನು ಗಿರಾಕಿ. ಎಂಟಾಣೆ ಕೊಟ್ಟು ಮೂರಾಣೆಯ ಬೆಲ್ಲ ಕೇಳಿದರೆ ಐದಾಣೆ ವಾಪಸು ಕೊಡಬೇಕು ತಾನೆ? ಅವರು ಬೇಕೆಂದೇ ಮೂರು ಕಾಸು ಕಡಿಮೆ ಕೊಡುತ್ತಿದ್ದರು. ನಾನು ಹಿಡಿದರೆ, ನಡುವೆ ತೂತಿದ್ದ ಆ ಮೂರುಕಾಸಿನ ನಾಣ್ಯ ನನ್ನದು, ಹಿಡಿಯದಿದ್ದರೆ ಅವರ ಜೇಬಿಗೆ. ಮೊದಲ ತಿಂಗಳೆಲ್ಲ ಅವರ ಜೇಬಿಗೇ ಹೋಯಿತು. ಅಪ್ಪ ಹೆತ್ತ ಮಗಳಿಗೇ ಟೋಪಿ ಹಾಕುತ್ತಾರೆ ಎಂದು ಅಮ್ಮನ ಸೆರಗು ಹಿಡಿದು ಅತ್ತಿದ್ದೇನೆ. ನಾನು ದೊಡ್ಡವಳಾಗಿ ಮಕ್ಕಳಿಗೆ ಪಾಠ ಹೇಳಿದರೆ ಹೀಗೆ ಅಳಿಸುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ.

ಆ ನಿಶ್ಚಯವನ್ನು ನಡೆಸಿಯೂ ಬಿಟ್ಟೆ. ಚಾಮರಾಜಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ಎರಡನೆಯ ತರಗತಿ ನನ್ನದು. ನನ್ನ ಸಂಬಳದಲ್ಲೇ ಒಂದಿಷ್ಟು ನಾಣ್ಯ ಎತ್ತಿಟ್ಟು, ಹಳೆಯ ರವಿಕೆ ಬಟ್ಟೆಯಲ್ಲಿ ಚೀಲ ಹೊಲಿದು, ಅದರಲ್ಲಿ ತುಂಬಿಸಿದ್ದೆ. ಮಕ್ಕಳು ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಬೇಕು, ಬೆರಳಲ್ಲೇ ಹೇಳಬೇಕು. ಅಂಚು ಅಲೆ ಅಲೆಯಾಗಿದ್ದರೆ ಒಂದಾಣೆ. ಚೌಕವಾಗಿದ್ದರೆ ಎರಡಾಣೆ. ನಡುವೆ ಬೆರಳು ತೂರಿದರೆ ಮೂರುಕಾಸು. ತಪ್ಪು ಹೇಳಿದವರಿಗೆ ಬೈಗುಳವಿಲ್ಲ, ಮತ್ತೊಂದು ಸಲ ಕೈ ಹಾಕುವ ಅವಕಾಶ. ಎಲ್ಲರೂ ನಗುತ್ತಾ ಕಲಿಯುತ್ತಿದ್ದರು. ನನ್ನ ತರಗತಿಯ ನಗು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು, ನನಗೆ ಅದರ ಬಗ್ಗೆ ಬಹಳ ಜಂಬವಿತ್ತು.

ಐವತ್ತೇಳರಲ್ಲಿ ನಯಾ ಪೈಸೆ ಬಂತು. ಇನ್ನು ರೂಪಾಯಿಗೆ ನೂರು ಪೈಸೆ. ಹುಣಿಸೆಹಣ್ಣು ಹಾಕಿ ಉಜ್ಜಿದ ಚೊಂಬಿನ ಹಾಗೆ ಹೊಳೆಯುವ ಪುಟ್ಟ ಪೈಸೆಯನ್ನು ನೋಡಿ ಮಕ್ಕಳಿಗೆ ಹಿಗ್ಗೋ ಹಿಗ್ಗು. ಆದರೆ ಹಳೆಯ ನಾಣ್ಯಗಳೂ ಜೊತೆಯಲ್ಲೇ ಓಡಾಡುತ್ತಿದ್ದವು. ಬೆಲೆ ಹೇಳುವುದು ಆಣೆಯಲ್ಲಿ, ಚಿಲ್ಲರೆ ಕೊಡುವುದು ಪೈಸೆಯಲ್ಲಿ. ತೊಂದರೆ ಏನೆಂದರೆ ನೂರನ್ನು ಹದಿನಾರರಿಂದ ಭಾಗಿಸಿದರೆ ಸರಿಯಾಗಿ ಬರುವುದಿಲ್ಲ. ಒಂದಾಣೆಗೆ ಆರು ಪೈಸೆ ಮತ್ತು ಮೇಲೊಂದು ಕಾಲು. ಆ ಕಾಲಿಗೆ ನಾಣ್ಯವಿಲ್ಲ. ಹಾಗಾಗಿ ಸರ್ಕಾರದವರು ಒಂದು ಪಟ್ಟಿ ಅಚ್ಚು ಹಾಕಿಸಿದರು: ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಅಂದರೆ ಪಾವಲಿಗೆ ಇಪ್ಪತ್ತೈದು. ಎರಡರಿಂದ ಮೂರಕ್ಕೆ ಹೋಗುವಾಗ ಆರರ ಬದಲು ಏಳು ಕೂಡಬೇಕು. ದೊಡ್ಡವರೇ ಪಟ್ಟಿ ಕೈಯಲ್ಲಿ ಹಿಡಿದು ತಡವರಿಸುತ್ತಿದ್ದ ದಿನಗಳವು.

ಆ ಪಟ್ಟಿಯನ್ನು ನಮ್ಮ ಹೆಡ್‌ಮಾಸ್ಟರು ತಮ್ಮ ಕೋಣೆಯಲ್ಲಿ, ತಮ್ಮ ತಲೆಗಿಂತ ಎತ್ತರದಲ್ಲಿ ತೂಗುಹಾಕಿಸಿದ್ದರು. ಪೂರ್ತಿ ಪಟ್ಟಿಯನ್ನು ಎರಡನೆಯ ತರಗತಿಗೆ ಹೇಳಿಕೊಡಲೇ ಎಂದು ಕೇಳಿದೆ.

"ಬೇಡಮ್ಮ," ಎಂದರು. "ಒಂದಾಣೆಗೆ ಆರು, ಅಷ್ಟು ಸಾಕು. ಆರು ಮೂರ್ಲಿ ಹದಿನೆಂಟು ಅಂತ ನೀವೇ ಮಗ್ಗಿ ಹೇಳಿಕೊಟ್ಟು, ಆಮೇಲೆ ಮೂರಾಣೆಗೆ ಹತ್ತೊಂಬತ್ತು ಅಂದ್ರೆ ಮಕ್ಕಳಿಗೆ ಮಗ್ಗಿ ಮೇಲೇ ನಂಬಿಕೆ ಹೋಗುತ್ತೆ. ಒಂದು ಪೈಸೆ ಚಿಲ್ಲರೆ ವಿಷಯ, ಬಿಟ್ಹಾಕಿ."

ನಾನು ಬಿಟ್ಟುಹಾಕಿದೆ. ಹಿರಿಯರು ಹೇಳಿದರು ಎಂದಷ್ಟೇ ಅಲ್ಲ, ನನಗೂ ಅದು ಸುಲಭವಾಗಿತ್ತು. 'ಆಣೆಗೆ ಆರು, ಆಣೆಗೆ ಆರು' ಎಂದು ಚಪ್ಪಾಳೆ ತಟ್ಟಿಸಿ ಹೇಳಿಸಿದೆ.

ತರಗತಿಯಲ್ಲಿ ಏಳು ವರ್ಷದ ಒಬ್ಬ ಹುಡುಗಿ ಇದ್ದಳು. ತಂದೆ ತಾಯಿ ಇಲ್ಲದವಳು, ಸೋದರಮಾವನ ಮನೆಯಲ್ಲಿದ್ದಳು. ಮಾತು ಕಡಿಮೆ. ಆದರೆ ಮನಸ್ಸಿಗೆ ಬಂದದ್ದನ್ನು ಕೇಳದೆ ಬಿಡುವವಳಲ್ಲ. ಚಪ್ಪಾಳೆಯೆಲ್ಲ ನಿಂತ ಮೇಲೆ ಎದ್ದು ನಿಂತಳು.

"ಮಿಸ್, ಆರು ನಾಲ್ಕ್ಲಿ ಇಪ್ಪತ್ನಾಲ್ಕು. ಪಾವಲಿಗೆ ಇಪ್ಪತ್ತೈದು ಅಂತಾರಲ್ಲ, ಇನ್ನೊಂದು ಎಲ್ಲಿಗೋಯ್ತು?"

ಏಳು ವರ್ಷದ ಮಗು ಕೇಳಿದ ಆ ಪ್ರಶ್ನೆಗೆ ನಾನು ಆರತಿ ಎತ್ತಬೇಕಾಗಿತ್ತು. ಗಂಟೆ ಹೊಡೆಯುವ ಹೊತ್ತಾಗಿತ್ತು, ಗಂಟಲು ಒಣಗಿತ್ತು. "ಅದು ಸರ್ಕಾರದ್ದು, ಸುಮ್ನೆ ಕೂತ್ಕೋ," ಎಂದೆ. ಅವಳು ಕೂತುಕೊಂಡಳು.

ಅದಾಗಿ ಒಂದು ತಿಂಗಳಾಗಿರಬಹುದು, ಅವಳು ಶಾಲೆಗೆ ಬರುವುದು ನಿಂತಿತು. ಒಂದು ದಿನ, ಎರಡು ದಿನ, ಒಂದು ವಾರ. ಜ್ವರವೇ ಎಂದು ಅಕ್ಕಪಕ್ಕದ ಮಕ್ಕಳನ್ನು ಕೇಳಿದೆ. "ಅವಳು ಕಳ್ಳಿಯಂತೆ ಮಿಸ್, ಅವರ ಮಾವ ಸ್ಕೂಲು ಬಿಡಿಸ್ಬಿಟ್ರು," ಎಂದರು. ಅಂದು ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟೊಡನೆ ನೆಟ್ಟಗೆ ಅವರ ವಠಾರಕ್ಕೆ ಹೋದೆ.

ಹುಡುಗಿ ಬಾಗಿಲ ಬಳಿ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಎರಡು ಕೈಯೂ ಮಣಿಕಟ್ಟಿನವರೆಗೆ ಕಪ್ಪು. ಆ ವಯಸ್ಸಿಗೇ ಕೈ ಪಳಗಿಹೋಗಿತ್ತು, ಕಡ್ಡಿಗಳು ಒಂದರ ಮೇಲೊಂದು ಸಾಲಾಗಿ ಬೀಳುತ್ತಿದ್ದವು. ನನ್ನನ್ನು ನೋಡಿ ಎದ್ದಳು, ಆಮೇಲೆ ಮಾವನ ಮುಖ ನೋಡಿ ಮತ್ತೆ ಕೂತಳು. ಮಾವ ಯಾವುದೋ ಕಚೇರಿಯಲ್ಲಿ ಗುಮಾಸ್ತರು, ತಮ್ಮ ಲೆಕ್ಕದ ಮೇಲೆ ಬಹಳ ಅಭಿಮಾನವಿದ್ದವರು. ಗೋಡೆಯ ಮೇಲೆ ಕನ್ನಡಿಯ ಪಕ್ಕದಲ್ಲಿ ಅದೇ ಸರ್ಕಾರಿ ಪಟ್ಟಿಯನ್ನು ಪೇಪರಿನಿಂದ ಕತ್ತರಿಸಿ ಅಂಟಿಸಿದ್ದರು.

"ನಿಮ್ಮನ್ನ ಬೈತಿಲ್ಲ ಮೇಡಂ," ಎಂದರು. "ಬೆಳಿಗ್ಗೆ ಒಂದಾಣೆ ನಶ್ಯ ತರೋಕೆ ಪಾವಲಿ ಕೊಟ್ಟು ಕಳಿಸ್ತೀನಿ. ಒಂದಾಣೆ ಹೋದ್ರೆ ಮೂರಾಣೆ ಉಳೀತು. ಪಟ್ಟಿ ಪ್ರಕಾರ ಹತ್ತೊಂಬತ್ತು ಬರಬೇಕು. ಇವಳು ತರೋದು ಹದಿನೆಂಟು. ಒಂದ್ಸಲ ಅಲ್ಲ, ಮೂರು ಸಲ. ಏನು ಮಾಡ್ದೆ ಅಂದ್ರೆ ಬಾಯೇ ಬಿಡಲ್ಲ. ಶಾಲೆಗೆ ಕಳಿಸಿದ್ದಕ್ಕೆ ಕಲಿತಿದ್ದು ಇದು. ಮನೇಲಿ ನಾಲ್ಕು ಕಡ್ಡಿ ಹೊಸೀಲಿ ಸಾಕು."

ಅವಳ ಮೊಣಕಾಲಿನ ಕೆಳಗೆ ಬಾಸುಂಡೆ ಇತ್ತು. ಅದನ್ನು ಆಗ ನೋಡಿದೆ.

"ಅಂಗಡೀಲಿ ಎಷ್ಟು ಕೊಟ್ರು ಪುಟ್ಟಿ?" ಎಂದು ಕೇಳಿದೆ.

ಅವಳು ಕೈಯಲ್ಲಿದ್ದ ಕಡ್ಡಿಯನ್ನೇ ನೋಡುತ್ತಾ ಹೇಳಿದಳು. "ಹದಿನೆಂಟು. ಎಣಿಸ್ಕೊಂಡೇ ತಂದೆ ಮಿಸ್. ಆಣೆಗೆ ಆರು. ಆರು ಮೂರ್ಲಿ ಹದಿನೆಂಟು. ನೀವೇ ಹೇಳ್ಕೊಟ್ಟಿದ್ದು."

ಮಗು ಎಣಿಸಿಕೊಂಡಿತ್ತು, ಚೆನ್ನಾಗಿಯೇ ಎಣಿಸಿಕೊಂಡಿತ್ತು. ಪೆಟ್ಟು ತಿನ್ನುವಾಗಲೂ ಬಾಯಿ ಬಿಡಲಿಲ್ಲ, ಯಾಕೆಂದರೆ ತನ್ನ ಲೆಕ್ಕ ಸರಿ ಎಂದೇ ಅವಳಿಗೆ ಗೊತ್ತಿತ್ತು. ಸರಿಯಾದ ಲೆಕ್ಕಕ್ಕೆ ಯಾಕೆ ಹೊಡೆಯುತ್ತಾರೆ ಎಂದಷ್ಟೇ ಅವಳಿಗೆ ತಿಳಿದಿರಲಿಲ್ಲ.

"ತಪ್ಪು ನನ್ನದು," ಎಂದೆ. "ಹತ್ತೊಂಬತ್ತನ್ನ ನಾನು ಹೇಳಿಕೊಟ್ಟಿಲ್ಲ."

"ನೀವು ಒಳ್ಳೆಯವರು, ಹಾಗಂತೀರಿ," ಎಂದು ಅವರು ನಕ್ಕರು. "ಅಂಗಡಿಯವರಿಗೆ ಪಟ್ಟಿ ಗೊತ್ತಿಲ್ವೆ? ಅವರು ಯಾಕೆ ಹದಿನೆಂಟು ಕೊಡ್ತಾರೆ?"

ನನಗೆ ರೇಗಿಹೋಯಿತು. ಏಳು ವರ್ಷದ ಮಗು ಕದ್ದಿರುತ್ತದೆ ಎಂದು ನಂಬುವುದು ಈ ಮನುಷ್ಯನಿಗೆ ಎಷ್ಟು ಸಲೀಸು. ಮೀಸೆ ಬಂದವನೊಬ್ಬ ಕದ್ದಿರಬಹುದೆಂಬುದು ಇವರ ಊಹೆಗೇ ನಿಲುಕುವುದಿಲ್ಲ. "ಲೆಕ್ಕ ಬಲ್ಲವರು ನೀವು. ಈಗಲೇ ಬನ್ನಿ, ನೋಡೋಣ," ಎಂದೆ. ಅವರು ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡರು. "ಇವಳು ಕದ್ದಿಲ್ಲ ಅಂತಾದ್ರೆ ಸೋಮವಾರ ಸ್ಕೂಲಿಗೆ ಕಳಿಸ್ತೀನಿ. ಕದ್ದಿದ್ದೇ ನಿಜ ಅಂತಾದ್ರೆ ನೀವು ಮತ್ತೆ ಈ ಬಾಗಿಲಿಗೆ ಬರಬಾರದು," ಎಂದರು. ಹುಡುಗಿ ಕೈ ತೊಳೆದುಕೊಂಡು ನಮ್ಮ ಹಿಂದೆ ಬಂದಳು.

ಅಂಗಡಿ ಬೀದಿಯ ಮೂಲೆಯಲ್ಲಿತ್ತು. ಅವರಿಬ್ಬರನ್ನು ಎದುರಿನ ಮರದ ಮರೆಯಲ್ಲಿ ನಿಲ್ಲಿಸಿ, ಮೊದಲು ನಾನೇ ಹೋದೆ. ಪಾವಲಿ ಕೊಟ್ಟು ಒಂದಾಣೆ ನಶ್ಯ ಕೇಳಿದೆ. ಸೀರೆಯುಟ್ಟ ಉಪಾಧ್ಯಾಯಿನಿ ನಶ್ಯ ಕೇಳಿದ್ದಕ್ಕೆ ಅಲ್ಲಿ ನಿಂತಿದ್ದ ನಾಲ್ಕು ಜನ ನನ್ನ ಮೂಗನ್ನೇ ನೋಡಿದರು. ಅಂಗಡಿಯಾತ ಪೊಟ್ಟಣ ಕಟ್ಟಿ, ಬಹಳ ಮರ್ಯಾದೆಯಿಂದ ಚಿಲ್ಲರೆ ಎಣಿಸಿದ. ಹತ್ತು, ಐದು, ಎರಡು, ಎರಡು. ಹತ್ತೊಂಬತ್ತು. ಒಂದು ಪೈಸೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ವಾಪಸು ಬಂದು ಆ ಚಿಲ್ಲರೆಯನ್ನು ಮಾವನ ಕೈಗೆ ಹಾಕಿದೆ. "ನೋಡಿದ್ರಾ, ಅವರಿಗೆ ಪಟ್ಟಿ ಗೊತ್ತು," ಎಂದು ಅವರು ಗೆದ್ದವರಂತೆ ಅಂದರು.

ಆಮೇಲೆ ಇನ್ನೊಂದು ಪಾವಲಿಯನ್ನು ಹುಡುಗಿಗೆ ಕೊಟ್ಟು ಕಳಿಸಿದೆ. ಅವಳು ಅಂಗಡಿಯ ಹಲಗೆಗೆ ಕೈ ಎಟುಕಿಸಲು ತುದಿಗಾಲಲ್ಲಿ ನಿಂತಳು. ಅಂಗಡಿಯಾತ ಬೇರೆ ಯಾರೊಡನೆಯೋ ಮಾತಾಡುತ್ತಲೇ ಪೊಟ್ಟಣ ಕೊಟ್ಟ, ಚಿಲ್ಲರೆ ಕೊಟ್ಟ. ಅವಳು ಅಲ್ಲಿಯೇ ಅಂಗೈ ಅಗಲಿಸಿ ಎಣಿಸಿದಳು, ಮುಷ್ಟಿ ಮುಚ್ಚಿದಳು, ನೇರವಾಗಿ ರಸ್ತೆ ದಾಟಿ ಬಂದಳು. ನಾವು ನೋಡುತ್ತಲೇ ಇದ್ದೆವು, ಆ ಮುಷ್ಟಿ ಎಲ್ಲಿಯೂ ಬಿಚ್ಚಲಿಲ್ಲ. ಮಾವನ ಮುಂದೆ ಬಿಚ್ಚಿದಳು. ಹತ್ತು, ಐದು, ಎರಡು, ಒಂದು.

ಮಾವ ಎರಡು ಸಲ ಎಣಿಸಿದರು. ಅಂಗಡಿಗೆ ಹೋದರು, ನಾನೂ ಬೆನ್ನ ಹಿಂದೆಯೇ ಹೋದೆ. ಈಗ ಗುಡುಗುತ್ತಾರೆ ಎಂದುಕೊಂಡೆ. "ಏನ್ ಸ್ವಾಮಿ, ಒಂದು ಪೈಸೆ ಕಮ್ಮಿ ಬಂದಿದೆಯಲ್ಲ," ಎಂದರು, ಅದೂ ಸಂಕೋಚಪಡುತ್ತಾ.

"ಹೌದಾ, ಹೊಸ ಲೆಕ್ಕ ನೋಡಿ, ಕೈತಪ್ಪಿ ಹೋಗುತ್ತೆ," ಎಂದು ಆತ ಒಂದು ಪೈಸೆಯನ್ನು ಹಲಗೆಯ ಮೇಲೆ ಎಸೆದ. ಮಾವ ನಕ್ಕರು. ಆತನೂ ನಕ್ಕ. ನಿಂತಿದ್ದವರೂ ನಕ್ಕರು.

ನಾನು ನಗಲಿಲ್ಲ. "ನನಗೆ ಕೊಡುವಾಗ ತಪ್ಪದ ಕೈ ಮಗೂಗೆ ಕೊಡುವಾಗ ಮಾತ್ರ ಹೇಗೆ ತಪ್ಪುತ್ತೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. "ಈ ಬೀದೀಲಿ ಎಷ್ಟು ಮಕ್ಕಳು ನಿಮ್ಮ ಅಂಗಡಿಗೆ ಬರ್ತಾರೆ, ಎಷ್ಟು ಜನ ಮನೇಲಿ ಏಟು ತಿಂದಿದಾರೆ, ಹೇಳಿ." ಆತ ತಕ್ಕಡಿ ಒರೆಸತೊಡಗಿದ. ನಿಂತಿದ್ದವರಲ್ಲಿ ಒಬ್ಬರು, "ಹೋಗ್ಲಿ ಬಿಡಿ ಅಮ್ಮಾ, ಚಿಲ್ಲರೆ ವಿಷಯ," ಎಂದರು. ಅದೇ ಮಾತು ಮತ್ತೆ. ಮಗುವಿನ ಕಾಲಿನ ಮೇಲೆ ಬಾಸುಂಡೆ ಬರುವಾಗ ಅದು ಚಿಲ್ಲರೆ ವಿಷಯವಾಗಿರಲಿಲ್ಲ. ಏಳು ವರ್ಷದವಳನ್ನು ಕಳ್ಳಿ ಎನ್ನಲು ವಠಾರಕ್ಕೆಲ್ಲ ಗಂಟಲಿತ್ತು. ಅಂಗಡಿಯಾತನನ್ನು ಕಳ್ಳ ಎನ್ನಲು ಅಲ್ಲಿ ಒಬ್ಬರಿಗೂ ನಾಲಗೆ ಹೊರಳಲಿಲ್ಲ. ಮಾವ ಆ ಪೈಸೆಯನ್ನು ಜೇಬಿಗೆ ಹಾಕಿಕೊಂಡು ಮನೆಯ ಕಡೆ ಹೊರಟರು. ತಪ್ಪಾಯಿತು ಎಂಬ ಒಂದು ಮಾತನ್ನು ಆ ಮಗುವಿಗೆ ಹೇಳಲಿಲ್ಲ.

ಆದರೆ ಕೊಟ್ಟ ಮಾತು ನಡೆಸಿದರು. ಸೋಮವಾರ ಅವಳು ಬಂದಳು, ಬೆರಳ ಸಂದಿಯಲ್ಲಿ ಇನ್ನೂ ಕಪ್ಪು ಉಳಿದಿತ್ತು. ನಾನು ಹೆಡ್‌ಮಾಸ್ಟರ ಅಪ್ಪಣೆ ಕೇಳಲಿಲ್ಲ. ಅವರ ಕೋಣೆಯಿಂದ ಪಟ್ಟಿಯನ್ನು ಇಳಿಸಿಕೊಂಡು ಬಂದು, ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಮೇಜಿನ ಹಿಂದೆ ಅಂಗಡಿಯವಳಾಗಿ ಕೂತೆ. ನಾನು ಬೇಕೆಂದೇ ಕಡಿಮೆ ಕೊಡುತ್ತೇನೆ, ಹಿಡಿಯುವುದು ನಿಮ್ಮ ಕೆಲಸ ಎಂದೆ. ಆ ದಿನ ತರಗತಿಯಲ್ಲಿ ನಗು ಕಡಿಮೆ ಇತ್ತು, ಇಬ್ಬರು ಮಕ್ಕಳು ಅತ್ತರು. ನನ್ನ ತಂದೆ ಜಗಲಿಯ ಮೇಲೆ ಯಾಕೆ ಹಾಗೆ ಮಾಡುತ್ತಿದ್ದರೆಂದು ನನಗೆ ಅಂದು ಅರ್ಥವಾಯಿತು.

ಅವಳ ಸರದಿ ಬಂದಾಗ ಪಾವಲಿ ಇಸಿದುಕೊಂಡು ಹದಿನೆಂಟು ಪೈಸೆ ಕೊಟ್ಟೆ. ಅವಳು ಎಣಿಸಿದಳು. ಕೈ ಮುಂದೆ ಚಾಚಿದಳು.

"ಇನ್ನೊಂದು ಕೊಡಿ."

ಕೊಟ್ಟೆ. ಆದರೂ ಅವಳು ಜಾಗಕ್ಕೆ ಹೋಗಲಿಲ್ಲ. ಹತ್ತೊಂಬತ್ತನೆಯ ಪೈಸೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ನಿಂತಿದ್ದಳು.

"ಮಿಸ್, ಅವತ್ತು ನಾನು ಕೇಳಿದಾಗ ಅದು ಸರ್ಕಾರದ್ದು ಅಂದ್ರಿ," ಎಂದಳು. "ಸರ್ಕಾರದ್ದಲ್ಲ. ನಮ್ಮದೇ."

ಅವಳ ದನಿಯಲ್ಲಿ ದೂರು ಇರಲಿಲ್ಲ. ನಾನು ತಪ್ಪು ಹೇಳಿಕೊಟ್ಟಿದ್ದ ಲೆಕ್ಕವನ್ನು ತಿದ್ದಿ, ತನ್ನ ಜಾಗಕ್ಕೆ ಹೋಗಿ ಕೂತಳು.