ಮೂರನೇ ಕಂಬದ ಅರಳಿ

ಓಬಳೇಶ್ ಮೂವತ್ನಾಲ್ಕು ವರ್ಷ ಒಂದೇ ಸೇತುವೆಯ ಮೇಲೆ ಕೆಲಸ ಮಾಡಿದರು. ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳ ನಡುವೆ ತುಂಗಭದ್ರೆಯನ್ನು ದಾಟುವ ಹಳೆಯ ಸೇತುವೆ ಅದು. ಒಂಬತ್ತು ಕಮಾನು, ಎಂಟು ಕಂಬ, ಎಲ್ಲವೂ ಕಲ್ಲು ಮತ್ತು ಗಾರೆ. ಲೋಕೋಪಯೋಗಿ ಇಲಾಖೆಯಲ್ಲಿ ಅವರದು ಗ್ಯಾಂಗ್‌ಮನ್ ಕೆಲಸ. ಮಳೆನೀರು ಹರಿದುಹೋಗುವ ತೂತುಗಳಲ್ಲಿ ಕಟ್ಟಿಕೊಂಡ ಮಣ್ಣು ತೆಗೆಯಬೇಕು, ಗುಂಡಿ ಮುಚ್ಚಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕಲ್ಲಿನ ಸಂದಿಗಳಲ್ಲಿ ಹುಟ್ಟಿದ ಗಿಡಗಳನ್ನು ಬೇರುಸಮೇತ ಕೀಳಬೇಕು. ಹಣ್ಣು ತಿಂದ ಹಕ್ಕಿ ಹಿಕ್ಕೆ ಹಾಕಿದಲ್ಲೆಲ್ಲ ಆಲವೋ ಅರಳಿಯೋ ಮೊಳೆಯುತ್ತದೆ. ಮೊದಲ ವರ್ಷ ಬೆರಳಿಗೇ ಕಿತ್ತು ಬರುತ್ತದೆ. ಮೂರನೇ ವರ್ಷಕ್ಕೆ ಹಾರೆ ಬೇಕು. ಹತ್ತನೇ ವರ್ಷಕ್ಕೆ ಕಲ್ಲನ್ನೇ ಬಿಚ್ಚಬೇಕು.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಹೊನ್ನಾಳಿಯ ಆಸ್ಪತ್ರೆಯಲ್ಲಿ. ನಾನು ಅಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವನು. ಅವರ ಹೆಂಡತಿ ಗಾದ್ರಮ್ಮ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದರು. ಬಂದ ಕೂಡಲೇ ತೂಕ ನೋಡುವುದು ಕ್ರಮ.

"ಎರಡೂವರೆ ಕೆ.ಜಿ. ಜಾಸ್ತಿ ಇದೀರಮ್ಮ. ನೀರು ಕುಡಿದಿದ್ದೀರಿ."

"ಜಗಳೂರಾಗೆ ಹುಟ್ಟಿದೆ, ಅಲ್ಲಿ ಕುಡಿಯಾಕೆ ನೀರಿರಲಿಲ್ಲ. ಈಗ ಹೊಳೆ ದಂಡ್ಯಾಗೆ ಅದೀನಿ, ಕುಡಿಯಾಕೆ ನೀನು ಬಿಡಂಗಿಲ್ಲ. ಹೋಗ್ಲಿ, ಚುಚ್ಚು ತಮ್ಮಾ."

ಮದುವೆಯಾದ ಮರುವರ್ಷವೇ ಗಂಡನ ಕೆಲಸದ ಜೊತೆ ಜಗಳೂರು ಬಿಟ್ಟು ಬಂದವರು ಅವರು. ಸೇತುವೆಯ ಹೊನ್ನಾಳಿ ಕಡೆಯ ತುದಿಯಲ್ಲಿ ಎರಡು ಕೋಣೆಯ ಇಲಾಖೆ ಮನೆ. ಎಂಟು ವರ್ಷವಾದರೂ ಮಕ್ಕಳಾಗಲಿಲ್ಲ. ಅರಳಿ ಮರವನ್ನು ನಲವತ್ತೆಂಟು ದಿನ ಸುತ್ತು ಎಂದು ಯಾರೋ ಹೇಳಿದರು. ಹತ್ತಿರದಲ್ಲಿದ್ದ ಅರಳಿ ಒಂದೇ, ಸೇತುವೆಯ ಮೂರನೇ ಕಂಬದ ನೆತ್ತಿಯಲ್ಲಿ ಮೊಳಕಾಲೆತ್ತರ ಬೆಳೆದಿದ್ದ ಗಿಡ. ಅದನ್ನು ಸುತ್ತುವುದು ಹೇಗೆ? ಬೇಸಿಗೆಯಲ್ಲಿ ಹೊಳೆ ಒಂದು ಬದಿಗೆ ಸರಿದು ಆ ಕಂಬ ಮರಳಿನ ಮೇಲೆ ನಿಲ್ಲುತ್ತಿತ್ತು. ಗಾದ್ರಮ್ಮ ಕೆಳಗಿಳಿದು ಇಡೀ ಕಂಬವನ್ನೇ ಸುತ್ತಿದರು. ದಿನಕ್ಕೆ ನಲವತ್ತೆಂಟು ಸುತ್ತು. ಎಣಿಕೆ ತಪ್ಪದಂತೆ ಓಬಳೇಶ್ ಮೇಲೆ ನಿಂತು ಒಂದೊಂದು ಸುತ್ತಿಗೆ ಒಂದೊಂದು ಹುಣಸೆಬೀಜ ಎತ್ತಿಡುತ್ತಿದ್ದರು.

ಆ ವರ್ಷ ಮಳೆಗಾಲಕ್ಕೆ ಮುಂಚಿನ ಕೆಲಸದಲ್ಲಿ ಅವರು ಏಳು ಕಂಬಗಳ ಗಿಡ ಕಿತ್ತರು. ಮೂರನೆಯದನ್ನು ಬಿಟ್ಟರು. ಮುಂದಿನ ವರ್ಷ ವಿಜಯಶ್ರೀ ಹುಟ್ಟಿದಳು.

ಅಲ್ಲಿಂದ ಮುಂದೆ ಆ ಗಿಡಕ್ಕೆ ಹಾರೆ ಹಾಕಲು ಅವರಿಗೆ ಕೈ ಬರಲಿಲ್ಲ. ಸಾಹೇಬರು ನೋಡಲು ಬರುವ ಮುಂಚೆ ಕೊಂಬೆಗಳನ್ನು ಮಚ್ಚಿನಿಂದ ಕಲ್ಲಿನ ಮಟ್ಟಕ್ಕೆ ಸವರಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಅರಳಿ ಅಷ್ಟಕ್ಕೆ ಸಾಯುವುದಿಲ್ಲ. ಮೇಲೆ ಮತ್ತೆ ಚಿಗುರುತ್ತದೆ, ಒಳಗೆ ಬೇರು ದಪ್ಪವಾಗುತ್ತಲೇ ಹೋಗುತ್ತದೆ. ಇದು ಓಬಳೇಶರಿಗೆ ಗೊತ್ತಿತ್ತು. ಇಪ್ಪತ್ತೇಳು ವರ್ಷ ಗೊತ್ತಿತ್ತು.

ಅವರು ನಿವೃತ್ತರಾಗುವ ಹೊತ್ತಿಗೆ ಗಾದ್ರಮ್ಮನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಇಲಾಖೆ ಮನೆ ಖಾಲಿ ಮಾಡಬೇಕಿತ್ತು. ಎಲ್ಲಿ ಇರುವುದು? ಮೂರು ಕಡೆ ಜಾಗವಿತ್ತು: ಜಗಳೂರಿನ ಹತ್ತಿರ ಓಬಳೇಶರ ಅಣ್ಣನ ಮನೆ, ಸೂಳೆಕೆರೆ ಪಕ್ಕದ ಹಳ್ಳಿಯಲ್ಲಿ ಅವರ ತಂಗಿ ದುರುಗಮ್ಮನ ಮನೆ, ಮತ್ತು ವಿಜಯಶ್ರೀಯನ್ನು ಕೊಟ್ಟ ಊರು, ನ್ಯಾಮತಿ ತಾಲ್ಲೂಕಿನ ಗೋವಿನಕೋವಿ. ಓಬಳೇಶ್ ಮೂರೂ ಊರಿಗೆ ಹೋಗಿ, ಅಲ್ಲಿಂದ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡಿದರು. ಜಗಳೂರಿನ ಹಳ್ಳಿಯಿಂದ ಐವತ್ತು ನಿಮಿಷ. ಸೂಳೆಕೆರೆಯಿಂದ ಚನ್ನಗಿರಿಗೆ ಮೂವತ್ತೈದು. ಗೋವಿನಕೋವಿಯಿಂದ ಸೇತುವೆ ದಾಟಿ ಹೊನ್ನಾಳಿಗೆ ಇಪ್ಪತ್ತೆರಡು.

ಗೋವಿನಕೋವಿಯೇ ಸರಿ ಎಂದು ತೀರ್ಮಾನಿಸಿ ಗಂಡ ಹೆಂಡತಿ ಹೇಳಲು ಹೋದಾಗ ದುರುಗಮ್ಮ ಬಿಡಲಿಲ್ಲ. "ಏನಣ್ಣಾ, ಮಗಳ ಮನೆ ಬಾಗ್ಲು ಕಾಯಾಕೆ ಹೊಂಟೀಯೇನು?"

"ಮಗಳ ಮನ್ಯಾಗಲ್ಲ, ಎರಡು ಮನೆ ಆಚೆ. ಬಾಡಿಗೆಗೆ."

"ಎರಡು ಮನೆ ಆಚೆಯಿಂದ ಕಾದ್ರೂ ಅದೇ ಬಾಗ್ಲು!"

ಗಾದ್ರಮ್ಮ ನಕ್ಕರು. "ಬಾಗ್ಲಾದ್ರೂ ಕಾಯ್ತೀನವ್ವಾ. ನಿನ್ನ ಕೆರೆ ಕಾದ್ರೆ ನನ್ನ 'ಅವ್ವಾ' ಅಂತ ಕರೆಯಾಕೆ ಯಾರು ಅದಾರೆ?"

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಗಂಡನನ್ನು ಒಂದೇ ಮಾತು ಕೇಳಿದರು. "ಸೇತುವೆ ಗಟ್ಟಿ ಐತೇನ್ರೀ?"

"ನಮ್ಮ ಕಾಲಕ್ಕೆ ಏನಾಗಲ್ಲ ಬಿಡು" ಎಂದರು ಓಬಳೇಶ್. ಹಾಗೆನ್ನುವಾಗ ಮೂರನೇ ಕಂಬ ತಮ್ಮ ಕಣ್ಣ ಮುಂದೆ ಬಂದಿತ್ತು ಎಂದು ಆಮೇಲೆ ನನಗೆ ಹೇಳಿದರು.

ಗೋವಿನಕೋವಿಯಲ್ಲಿ ಏಳು ತಿಂಗಳು ಚೆನ್ನಾಗಿ ಹೋಯಿತು. ಮಗಳು ಬೆಳಿಗ್ಗೆ ಉಪ್ಪಿಲ್ಲದ ರೊಟ್ಟಿ ತಂದುಕೊಟ್ಟು, ತಾಯಿಯ ತಲೆ ಬಾಚಿ, ಬಸ್ಸು ಹತ್ತಿಸುತ್ತಿದ್ದಳು. ಗಾದ್ರಮ್ಮನ ತೂಕ, ರಕ್ತದೊತ್ತಡ ಎರಡೂ ಹತೋಟಿಯಲ್ಲಿದ್ದವು. ನನ್ನ ದಾಖಲೆಯಲ್ಲಿ ಆ ಏಳು ತಿಂಗಳಲ್ಲಿ ಅವರು ಒಂದು ದಿನವೂ ತಪ್ಪಿಸಿಕೊಂಡಿಲ್ಲ.

ಆಗಸ್ಟಿನಲ್ಲಿ ಹೊಳೆ ಕಮಾನಿನ ತುದಿಯವರೆಗೆ ಬಂತು. ನೀರು ಇಳಿದ ಮೇಲೆ ನೋಡಿದರೆ ಮೂರನೇ ಕಂಬ ಒಂದು ಬದಿಗೆ ಉಬ್ಬಿತ್ತು. ಸೇತುವೆಯ ಎರಡೂ ತುದಿಗೆ ಗೋಡೆ ಹಾಕಿ ಮುಚ್ಚಿದರು. ನಡೆದು ಹೋಗುವವರನ್ನೂ ಬಿಡಲಿಲ್ಲ. ಈಗ ಗೋವಿನಕೋವಿಯಿಂದ ಆಸ್ಪತ್ರೆಗೆ ಸುತ್ತು ದಾರಿ, ಎರಡು ಬಸ್ಸು, ಕಾಯುವುದೂ ಸೇರಿ ಎರಡು ಗಂಟೆ ಹತ್ತು ನಿಮಿಷ.

ಬೇರು ತೆಗೆಸುವ ದಿನ ಓಬಳೇಶ್ ಯಾರೂ ಕರೆಯದಿದ್ದರೂ ಹೋಗಿದ್ದರು. ಕಲ್ಲು ಬಿಚ್ಚಿದಾಗ ತೊಡೆಯಷ್ಟು ದಪ್ಪದ ಬೇರು ಕಂಬದೊಳಗೆ ಐದು ಅಡಿ ಇಳಿದಿತ್ತು. ಎಂಜಿನಿಯರ್ ಅರುಣಾ ಹೊಸಬರು. "ಇಷ್ಟು ವರ್ಷ ಇದನ್ನ ಯಾರೂ ನೋಡ್ಲೇ ಇಲ್ವಾ?" ಎಂದು ಕೇಳಿದರು.

"ನಾನು ನೋಡಿದ್ದೆ ಮೇಡಂ. ನೋಡಿ ಬಿಟ್ಟೆ."

ಆಕೆ ಅವರ ಮುಖ ನೋಡಿ ದನಿ ತಗ್ಗಿಸಿದರು. ಗಾರೆ ಹಳೆಯದು, ಪಾಯದ ಮರಳೂ ಕೊಚ್ಚಿಹೋಗಿದೆ, ಬೇರೊಂದೇ ಕಾರಣ ಅನ್ನಲಾಗದು ಎಂದರು. ಅದು ಸರಿಯಾದ ಮಾತೇ. ಓಬಳೇಶ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದರು. ವಿಜಯಶ್ರೀ, "ಅವ್ವಗೆ ಹೇಳಬ್ಯಾಡ್ರಿ ಅಪ್ಪಾ" ಎಂದಳು.

ಸುತ್ತು ದಾರಿಯ ಪ್ರಯಾಣ ಗಾದ್ರಮ್ಮನಿಗೆ ಆಗಲಿಲ್ಲ. ಯಂತ್ರದಿಂದ ಇಳಿದ ಮೇಲೆ ರಕ್ತದೊತ್ತಡ ಬೀಳುತ್ತದೆ. ಎರಡು ಬಾರಿ ಬಸ್ ನಿಲ್ದಾಣದಲ್ಲೇ ಕುಸಿದರು. ಸೆಪ್ಟೆಂಬರಿನಲ್ಲಿ ಮೂರು ದಿನ ತಪ್ಪಿತು, ಅಕ್ಟೋಬರಿನಲ್ಲಿ ಐದು. ಒಂದು ಸೋಮವಾರ ನಾಲ್ಕು ಕೆ.ಜಿ. ಎಂಟುನೂರು ಗ್ರಾಂ ನೀರು ಹೊತ್ತು ಬಂದರು. ಹೊಳೆಯ ಈ ಕಡೆ ಮನೆ ಮಾಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

"ನಾಲ್ಕು ದಿನ ಕಮ್ಮಿ ಬದುಕ್ತೀನಿ, ವಿಜಿ ಹತ್ರಾನೇ ಇರ್ತೀನಿ" ಎಂದು ಗಾದ್ರಮ್ಮ ಹಟ ಹಿಡಿದರು. ಓಬಳೇಶ್ ಮೊದಲ ಬಾರಿ ಹೆಂಡತಿಯ ಮಾತು ಮೀರಿದರು. ನವೆಂಬರಿನಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಮಗಳು ಪ್ರತಿ ಭಾನುವಾರ ಬರುತ್ತಿದ್ದಳು. ಕಣದ ಕೆಲಸ ಶುರುವಾದ ಮೇಲೆ ಎರಡು ವಾರಕ್ಕೊಮ್ಮೆ ಆಯಿತು.

ಜನವರಿಯ ಒಂದು ಮಧ್ಯಾಹ್ನ, ಯಂತ್ರ ನಡೆಯುತ್ತಿರುವಾಗಲೇ ಓಬಳೇಶ್ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟರು. ಗಿಡ ಬಿಟ್ಟದ್ದು, ಮಣ್ಣು ಮೆತ್ತಿದ್ದು, ಬಸ್ಸಿನಲ್ಲಿ ಆಡಿದ ಮಾತು. ನಾನು ಪಕ್ಕದ ಹಾಸಿಗೆಯಲ್ಲಿ ಸೂಜಿ ತೆಗೆಯುತ್ತಿದ್ದೆ. ಗಾದ್ರಮ್ಮ ಗಂಡನನ್ನು ದಿಟ್ಟಿಸಿ ನೋಡಿದರು.

"ಕಿತ್ತಿದ್ರೆ ನಿಮ್ಮನ್ನ ನಾನೇ ಹೊಳೆಗೆ ನೂಕ್ತಿದ್ದೆ" ಎಂದರು.

ಓಬಳೇಶ್ ನಗಲು ನೋಡಿದರು. ಅಷ್ಟರಲ್ಲಿ ಗಾದ್ರಮ್ಮ ಮುಖ ಗೋಡೆಯ ಕಡೆ ತಿರುಗಿಸಿದ್ದರು. "ಆದ್ರೂ ನಂಗೆ ದಿನಾ ವಿಜಿನ ನೋಡ್ಬೇಕು ಅನ್ನಿಸ್ತೈತ್ರಿ. ದಿನಾ."

ಫೆಬ್ರುವರಿಯ ಒಂದು ಗುರುವಾರ ಬೆಳಿಗ್ಗೆ ಉಸಿರು ಕಟ್ಟಿತು ಎಂದು ಗಾದ್ರಮ್ಮನನ್ನು ಎತ್ತಿಕೊಂಡು ಬಂದರು. ಒಂಬತ್ತು ಹತ್ತಕ್ಕೆ ಮಗಳಿಗೆ ಫೋನ್ ಮಾಡಿದೆವು. ಅವಳ ಗಂಡ ಮಾರುತೇಶ್ ಮೆಕ್ಕೆಜೋಳದ ಲೋಡಿನ ಜೊತೆ ಬೇರೆ ಊರಿಗೆ ಹೋಗಿದ್ದ. ಅವಳು ಬಸ್ಸಿಗೆ ಓಡಿದಳು. ಗಾದ್ರಮ್ಮನಿಗೆ ಎಚ್ಚರವಿತ್ತು. ಆಮ್ಲಜನಕದ ಮುಖವಾಡ ಸರಿಸಿ, "ವಿಜಿ ಬಂದ್ಲಾ?" ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಒಟ್ಟು ನಾಲ್ಕು ಸಲ. ಪ್ರತಿ ಸಲವೂ ಓಬಳೇಶ್, "ಬಸ್ಸು ಹತ್ಯಾಳೆ, ಬರಾಕೆ ಹತ್ಯಾಳೆ" ಎಂದರು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಹೃದಯ ನಿಂತಿತು.

ವಿಜಯಶ್ರೀ ತಲುಪಿದಾಗ ಹನ್ನೊಂದು ಐವತ್ತು. ತಾಯಿಯ ಪಾದ ಹಿಡಿದು ಕೂತವಳು ತಲೆ ಎತ್ತಿದಳು.

"ಅವ್ವ ನನ್ನ ಕೇಳಿದ್ಲಾ ಅಪ್ಪಾ?"

"ಇಲ್ಲವ್ವಾ" ಎಂದರು ಓಬಳೇಶ್. "ಬರುವಾಗ್ಲೇ ಎಚ್ಚರ ಇರಲಿಲ್ಲ. ಏನೂ ಗೊತ್ತಾಗಲಿಲ್ಲ ಆಕಿಗೆ."

ಅವಳು ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.