ದಸ್ತಗೀರನ ಹೊಟ್ಟೆನೋವು

ವೈದ್ಯಳಾದ ನಾನು ಕಣ್ಣಿಗೆ ಕಂಡದ್ದನ್ನು, ಕೈಗೆ ಸಿಕ್ಕಿದ್ದನ್ನು ಮಾತ್ರ ನಂಬಿದವಳು. ಕನಸಿನ ಸೂಚನೆ, ದೃಷ್ಟಿ, ಮಾಟ ಎಂದು ಯಾರಾದರೂ ಶುರುಮಾಡಿದರೆ ನಗು ಬರುತ್ತಿತ್ತು, ಕೆಲವೊಮ್ಮೆ ಸಿಟ್ಟೂ ಬರುತ್ತಿತ್ತು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನ್ನ ತಕರಾರೇನಿಲ್ಲ.

ನಾನು ಹುಟ್ಟಿದ್ದು ಖಾನಾಪುರದಲ್ಲಿ. ಹೆರಿಗೆಯಾದ ಮೇಲೆ ಅವ್ವ ಜ್ವರದಿಂದ ಹಾಸಿಗೆ ಹಿಡಿದಳು. ಬಾಜೂ ಮನೆಯ ಹುಸೇನಬಿ ತನ್ನ ಎಳೆಗೂಸು ದಸ್ತಗೀರನ ಜೊತೆ ನನಗೂ ಹಾಲೂಡಿಸಿದಳು. ಒಂದೇ ತಾಯಿಯ ಹಾಲು ಕುಡಿದವರು ಮುಸಲ್ಮಾನರಲ್ಲಿ ಒಡಹುಟ್ಟಿದವರೇ. ದೀಪಾವಳಿಯ ಭಾವುಬೀಜದ ದಿನ ನಾನು ಆರತಿ ಎತ್ತುವವರೆಗೂ ದಸ್ತಗೀರಣ್ಣ ಊಟಕ್ಕೆ ಕೂರುತ್ತಿರಲಿಲ್ಲ. ಮುಂದೆ ಅವನು ಹಂಚಿನ ಕಾರ್ಖಾನೆ ಸೇರಿದ. ಊರಿಗೆಲ್ಲ ಮಾತಿನಮಲ್ಲ, ತನ್ನ ನೋವಿನ ವಿಷಯಕ್ಕೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದೆ. ಅಪೆಂಡಿಕ್ಸ್ ಊದಿದೆಯೋ ಇಲ್ಲವೋ ಎಂದು ಕೊಯ್ಯುವ ಮೊದಲೇ ಅಂದಾಜು ಮಾಡಲು ಹೊಸದೊಂದು ಅಂಕಪದ್ಧತಿ ಆಗಷ್ಟೇ ಬಂದಿತ್ತು. ವಾಂತಿ, ಊಟ ಸೇರದಿರುವುದು, ಜ್ವರ, ರಕ್ತದಲ್ಲಿ ಬಿಳಿಕಣ ಏರಿರುವುದು, ಹೀಗೆ ಎಲ್ಲಕ್ಕೂ ಅಂಕ. ಬಲಗಡೆ ಕೆಳಹೊಟ್ಟೆ ಒತ್ತಿದಾಗ ನೋವಾದರೆ ಎರಡು, ಒತ್ತಿದ ಕೈಯನ್ನು ಥಟ್ಟನೆ ತೆಗೆದಾಗ ನೋವು ಚಿಮ್ಮಿದರೆ ಇನ್ನೊಂದು. ಹತ್ತಕ್ಕೆ ಏಳು ಬಂದರೆ ಆಪರೇಷನ್, ನಾಲ್ಕು ದಾಟದಿದ್ದರೆ ಮನೆಗೆ. ನನಗಂತೂ ಅದರ ಹುಚ್ಚೇ ಹಿಡಿದಿತ್ತು, ಸಿಕ್ಕ ಸಿಕ್ಕ ಹೊಟ್ಟೆಗೆಲ್ಲ ಅಂಕ ಹಾಕುತ್ತಿದ್ದೆ.

ಒಂದು ಬೆಳಗ್ಗೆ ಹುಸೇನಬಿ ಮಗನನ್ನು ರೈಲಿನಲ್ಲಿ ಕರೆದುಕೊಂಡು ಬಂದಳು. ನಿನ್ನೆಯಿಂದ ರೊಟ್ಟಿ ಮುಟ್ಟಿಲ್ಲ ಎಂದಳು.

"ಆಕಿ ಮಾತ ಕೇಳಬ್ಯಾಡ ತಂಗೀ. ನಿನ್ನ ನೋಡಾಕ ಒಂದ ನೆಪಾ ಬೇಕಾಗಿತ್ತ ಆಕಿಗೆ," ಎಂದು ನಕ್ಕ ದಸ್ತಗೀರಣ್ಣ.

ಊಟದ್ದು ಒಂದು, ಸಣ್ಣ ಜ್ವರದ್ದು ಒಂದು, ರಕ್ತದ್ದು ಎರಡು. ಬಲಗಡೆ ಒತ್ತಿದೆ. ಏನಿಲ್ಲ ಎಂದ. ಕೈ ಥಟ್ಟನೆ ತೆಗೆದೆ. ಅವನು ಮಿಸುಕಲಿಲ್ಲ. ನೋವು ಚಿಮ್ಮಿದ್ದು ನನ್ನ ಹೊಟ್ಟೆಯಲ್ಲಿ.

ಮಂಚದ ಕಂಬಿ ಹಿಡಿದುಕೊಂಡೆ. ಅದೇ ಜಾಗ, ಬಲಗಡೆ. ನನ್ನ ಅಪೆಂಡಿಕ್ಸನ್ನು ಕಾಲೇಜಿನಲ್ಲಿದ್ದಾಗಲೇ ತೆಗೆದುಹಾಕಿದ್ದರು, ನೋಯಲು ಅಲ್ಲಿ ಏನೂ ಉಳಿದಿರಲಿಲ್ಲ. ಮತ್ತೊಮ್ಮೆ ಒತ್ತಿ ಬಿಟ್ಟೆ. ಮತ್ತೆ ಅದೇ ನೋವು. ಪಕ್ಕದ ಮಂಚದ ರೋಗಿಯ ಹೊಟ್ಟೆ ಒತ್ತಿ ನೋಡಿದೆ, ಏನೂ ಆಗಲಿಲ್ಲ. ಪಾಪ, ಅವನು ಬಂದದ್ದು ಕಾಲುನೋವಿಗೆ.

ಹಿರಿಯ ವೈದ್ಯರು ಬಂದು ಪರೀಕ್ಷಿಸಿದಾಗಲೂ ದಸ್ತಗೀರಣ್ಣ ಕಲ್ಲಿನಂತೆ ಮಲಗಿದ್ದ. ನಾನು ಹಾಕಿದ್ದು ಏಳು ಅಂಕ.

"ಒತ್ತಿದ್ರ ನೋವಿಲ್ಲ ಅಂತಾನ. ಈ ಮೂರು ಎಲ್ಲಿಂದ ಬಂದೂ?"

"ನನ್ನವು ಸರ್," ಎಂದು ನಡೆದದ್ದನ್ನು ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಇದ್ದೆ. ಮನೆಗೆ ಕಳಿಸಿ ಅಪೆಂಡಿಕ್ಸ್ ಒಳಗೇ ಒಡೆದರೆ ಅವನು ಉಳಿಯುವುದು ಕಷ್ಟವಿತ್ತು. ಅವರು ರಕ್ತದ ವರದಿಯನ್ನು ಇನ್ನೊಮ್ಮೆ ನೋಡಿದರು. ಬಳಿಕ, "ಇದನ್ನ ಹೊರಗ ಎಲ್ಲೂ ಹೇಳಬ್ಯಾಡ್ರಿ. ಆಪರೇಷನ್‌ಗೆ ತಯಾರಿ ಮಾಡ್ರಿ," ಎಂದರು.

ಕೊಯ್ಯುವವರು ಹಿರಿಯರು ಎಂದು ಗೊತ್ತಾದದ್ದೇ ದಸ್ತಗೀರಣ್ಣ ತಕರಾರಿಲ್ಲದೆ ಒಪ್ಪಿದ. ಹುಸೇನಬಿಗೆ ಆಶ್ಚರ್ಯವೇ ಆಗಲಿಲ್ಲ. "ಒಂದ ಎದಿಹಾಲ ಕುಡದೀರಿ. ಆಂವ ಬಚ್ಚಿಟ್ರ ನಿನಗ ತಿಳೀಲಾರದ ಇರತೈತೇನ, ಬೇಟಾ?" ಎಂದಳು.

ಹಿರಿಯರು ಕೊಯ್ದರು, ನಾನು ಎದುರು ನಿಂತೆ. ಕರುಳಿನ ಹಿಂದೆ ಅಡಗಿದ್ದ ಅಪೆಂಡಿಕ್ಸ್ ತುದಿ ಕಪ್ಪಾಗಿ, ಇನ್ನೇನು ಒಡೆಯುವಂತಿತ್ತು.

ಅವನಿಗೆ ಎಚ್ಚರವಾದ ಮೇಲೆ ಕೇಳಿದೆ. ನೋವು ಜೀವ ಹಿಂಡುತ್ತಿತ್ತಂತೆ. ಮತ್ತೆ ಮುಚ್ಚಿಟ್ಟದ್ದೇಕೆ ಎಂದೆ. "ನನ್ನ ಹೊಟ್ಟಿ ಕೊಯ್ಯೂ ಮುಂದ ನಿನ್ನ ಕೈ ನಡಗಿದ್ರ? ನನಗೇನರ ಆಗಿದ್ರ ನೀ ಮತ್ತ ಚಾಕೂನ ಹಿಡೀತಿದ್ದಿಲ್ಲ," ಎಂದ. ಅತ್ತುಬಿಟ್ಟೆ. ಬಾಯಿಗೆ ಬಂದಂತೆ ಬೈದೆ. ಹೊಲಿಗೆ ಇರದಿದ್ದರೆ ಎರಡು ಬಿಡುತ್ತಿದ್ದೆ.

ಆಮೇಲೆ ಅದೆಷ್ಟೋ ಹೊಟ್ಟೆಗಳನ್ನು ಒತ್ತಿ ನೋಡಿದ್ದೇನೆ, ಅಂಥ ನೋವು ಮತ್ತೆ ಬರಲಿಲ್ಲ. ಹುಟ್ಟಿದಾಗಿನಿಂದ ಕಂಡ ಮುಖ, ಅದರಲ್ಲಿ ಏನೋ ಓದಿಕೊಂಡಿರಬೇಕು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಆದರೆ ಮುಖ ಓದಿದವಳ ಹೊಟ್ಟೆ ಏಕೆ ನೋಯಬೇಕು? ನನಗೆ ಇವತ್ತಿಗೂ ತಿಳಿದಿಲ್ಲ. ಖಾನಾಪುರಕ್ಕೆ ಹೋದಾಗ ಆರಾಮ ಇದ್ದೀಯಾ ಎಂದು ಕೇಳುತ್ತೇನೆ. ನನಗೇನಾಗೇತಿ ಎಂದು ಅವನು ನಗುತ್ತಾನೆ. ಅವನಿಗೆ ಕಾಣದ ಹಾಗೆ ನಾನು ಸೆರಗಿನೊಳಗೆ ನನ್ನ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತೇನೆ.